ಮನಸ್ಸಿನ ಮಾತು ಕೇಳಲೇ, ಬುದ್ಧಿಯ ಮಾತು ಕೇಳಲೇ?

ಮಡಿಕೇರಿಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. ಸಂದರ್ಭಗಳು ಮಾತ್ರ ಬೇರೆ ಬೇರೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಲೇ? ಮಕ್ಕಳು ಪರದೇಶದಲ್ಲಿದ್ದಾರೆ, ತೋಟ ಮಾರಿಬಿಡಲೇ? ಮಾತುಕತೆ ಮುಗಿದಿರುವ ಸಂಬಂಧವನ್ನು ಈಗ ಬೇಡವೆನ್ನಲೇ? ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: "ಮನಸ್ಸು ಒಂದು ಹೇಳುತ್ತದೆ, ಬುದ್ಧಿ ಇನ್ನೊಂದು ಹೇಳುತ್ತದೆ. ಯಾವುದನ್ನು ಕೇಳಲಿ?"

ಎರಡನ್ನೂ ಕೇಳಿ, ಆದರೆ ಒಳಗಿರುವುದು ಅವೆರಡೇ ಎಂದುಕೊಳ್ಳಬೇಡಿ ಎನ್ನುವುದು ನನ್ನ ಉತ್ತರ. ಸಂದಿಗ್ಧದಲ್ಲಿರುವವರ ಒಳಗೆ ನಾಲ್ಕೈದು ದನಿಗಳಾದರೂ ಇರುತ್ತವೆ. ಎರಡು ದನಿಗಳು ಜೋರಾಗಿ ಜಗಳವಾಡುವುದರಿಂದ ಉಳಿದವು ಕೇಳಿಸುವುದಿಲ್ಲ. ತೀರ್ಮಾನವನ್ನು ಮುಂದೆ ಕೆಡಿಸುವುದು ಹೆಚ್ಚಾಗಿ ಆ ಕೇಳಿಸದೆ ಉಳಿದ ದನಿಯೇ.

ಜಮ್ಮಾ ಆಸ್ತಿ, ಅಂದರೆ ಕೊಡಗಿನಲ್ಲಿ ಒಂದೇ ಮೂಲದ ಮನೆತನ (ಒಕ್ಕ) ತಲೆತಲಾಂತರದಿಂದ ಒಟ್ಟಾಗಿ ಹೊಂದಿರುವ ಜಮೀನು, ಇರುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೆದಾರರ ಜೊತೆಗೆ ಒಕ್ಕದ ಎಷ್ಟೋ ಮಂದಿಯ ಹೆಸರು ಇರುತ್ತದೆ. ದೂರದೂರಿನಲ್ಲಿರುವ ಒಬ್ಬ ದಾಯಾದಿಯನ್ನು ಕೇಳದೆ ಪಾಲು ಮಾಡಿಕೊಂಡರೆ, ಎಲ್ಲ ಮುಗಿಯಿತು ಎಂದುಕೊಂಡಾಗ ಅವರ ತಕರಾರು ಅರ್ಜಿ ಬಂದು ಕೂರುತ್ತದೆ. ಕೇಳದೆ ಬಿಟ್ಟ ಒಳದನಿಯೂ ಎಲ್ಲಿಗೂ ಹೋಗಿರುವುದಿಲ್ಲ. ಹೊಸ ಕೆಲಸಕ್ಕೆ ಸೇರಿದ ಮೇಲೆ ಕಾರಣವಿಲ್ಲದ ಸುಸ್ತಾಗಿ, ಮದುವೆಯಾದ ಮೇಲೆ ಕಾರಣವಿಲ್ಲದ ಸಿಡುಕಾಗಿ ಹಿಂದಿರುಗುತ್ತದೆ.

ಇದು ಹೊಸ ತಿಳಿವಳಿಕೆಯೇನಲ್ಲ. ವೇದಾಂತಿಗಳು ಅಂತಃಕರಣವನ್ನು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ನಾಲ್ಕಾಗಿ ಹೇಳಿದ್ದಾರೆ. ಮನಸ್ಸು ಹಾಗೋ ಹೀಗೋ ಎಂದು ಹೊಯ್ದಾಡುತ್ತದೆ, ಬುದ್ಧಿ ನಿಶ್ಚಯಿಸುತ್ತದೆ, ಚಿತ್ತ ನೆನಪಿಟ್ಟುಕೊಳ್ಳುತ್ತದೆ, ಅಹಂಕಾರ ಇದೆಲ್ಲ ನಾನು ಎನ್ನುತ್ತದೆ. ತೀರ್ಮಾನದ ಹೊತ್ತಿಗೆ ನಾವು ಮೊದಲೆರಡನ್ನು ಮಾತ್ರ ಕರೆಯುತ್ತೇವೆ. ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ, ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಕಾಯಿಲೆಯವರ ಜೊತೆ ಕೆಲಸ ಮಾಡುವಾಗ ಬೇರೊಂದು ದಾರಿಯಿಂದ ಇಲ್ಲಿಗೇ ಬಂದರು. ತಮ್ಮ ಒಂದು ಭಾಗ ತಿನ್ನು ಎನ್ನುತ್ತದೆ, ಇನ್ನೊಂದು ಬೈಯುತ್ತದೆ ಎಂದು ರೋಗಿಗಳೇ ಹೇಳುತ್ತಿದ್ದರು. ಆ ಭಾಗಗಳನ್ನು ಹತ್ತಿಕ್ಕಲು ಹೋದರೆ ಅವು ಇನ್ನಷ್ಟು ಬಲವಾಗುವುದನ್ನು, ಕುತೂಹಲದಿಂದ ವಿಚಾರಿಸಿದರೆ ಮೆತ್ತಗಾಗುವುದನ್ನು ಶ್ವಾರ್ಟ್ಸ್ ಕಂಡರು. ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಎಂಬ ಅವರ ಚಿಕಿತ್ಸಾಕ್ರಮ ಬೆಳೆದದ್ದು ಹೀಗೆ. ಅದರ ಬಗ್ಗೆ ಗಟ್ಟಿ ಸಂಶೋಧನೆ ಇನ್ನೂ ಕಡಿಮೆ. ನಮ್ಮೊಳಗೆ ನಿಜವಾಗಿ ಹಲವು ವ್ಯಕ್ತಿಗಳಿದ್ದಾರೆ ಎಂದು ನಾನು ನಂಬುವುದೂ ಇಲ್ಲ. ಆದರೆ ಹೆದರಿಕೆಯನ್ನು ಓಡಿಸುವ ಬದಲು ಅದನ್ನು ವಿಚಾರಿಸುವ ಆ ಕ್ರಮವನ್ನು ಮನಸಾರೆ ಒಪ್ಪುತ್ತೇನೆ.

ಭಾವನೆಗಳನ್ನೆಲ್ಲ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ ಸಾಕು ಎನ್ನುವವರಿಗೆ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ದಾಖಲಿಸಿದ ರೋಗಿಗಳ ಕಥೆ ಹೇಳುತ್ತೇನೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಅವರ ಬುದ್ಧಿಶಕ್ತಿ ಚೆನ್ನಾಗಿಯೇ ಇತ್ತು, ಭಾವನೆ ಮಾತ್ರ ಬತ್ತಿಹೋಗಿತ್ತು. ಅಂಥ ಒಬ್ಬರಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಸೂಚಿಸಿದಾಗ, ಪ್ರತಿಯೊಂದರ ಅನುಕೂಲ ಅನಾನುಕೂಲಗಳನ್ನು ಅರ್ಧ ಗಂಟೆಯಷ್ಟು ಹೊತ್ತು ಎಣಿಸುತ್ತಲೇ ಕುಳಿತರಂತೆ. ಯಾವುದು ಮುಖ್ಯ ಎಂದು ಹೇಳುವ ಭಾವನೆ ಇಲ್ಲದಿದ್ದರೆ ಲೆಕ್ಕಕ್ಕೆ ಕೊನೆಯೇ ಇರುವುದಿಲ್ಲ.

ನನ್ನಲ್ಲಿಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ. ಮಕ್ಕಂದೂರಿನ ಕಡೆಯವರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತಂದೆಗೆ ವಯಸ್ಸಾಗಿತ್ತು, ತೋಟ ನೋಡುವವರಿರಲಿಲ್ಲ. ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ್ದ ಸಮಯ ಅದು. ಎಕರೆಗೆ ಎಷ್ಟು ಚೀಲ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಕಾಳುಮೆಣಸಿನಿಂದ ಎಷ್ಟು ಎಂದು ಅಚ್ಚುಕಟ್ಟಾಗಿ ಬರೆದುಕೊಂಡು ಬಂದಿದ್ದರು. ಲೆಕ್ಕ ಊರಿಗೆ ಹೋಗು ಎನ್ನುತ್ತಿತ್ತು, ಮನಸ್ಸೂ ಹೋಗು ಎನ್ನುತ್ತಿತ್ತು. ಆದರೂ ಬರೆದಿಟ್ಟ ರಾಜೀನಾಮೆ ಪತ್ರವನ್ನು ಕಳುಹಿಸಲಾಗದೆ ತಿಂಗಳುಗಳು ಕಳೆದಿದ್ದವು. ತಾನೊಬ್ಬ ಹೇಡಿ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

"ಕಳುಹಿಸಬೇಡ ಎನ್ನುವ ಒಂದು ದನಿ ಒಳಗಿದೆಯಲ್ಲ, ಅದಕ್ಕೆ ಏನಾಗಿಬಿಡುತ್ತದೆ ಎಂಬ ಭಯ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಕೈಬೆರಳುಗಳನ್ನೇ ನೋಡುತ್ತ ಕುಳಿತಿದ್ದು, "ಮನೆ ಹಿಂದಿನ ಬರೆ, ಮೇಡಂ" ಎಂದರು. ಬರೆ ಎಂದರೆ ಗುಡ್ಡದ ಕಡಿದಾದ ಇಳಿಜಾರು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಸುತ್ತ ಗುಡ್ಡಗಳು ಜರಿದಾಗ ಅವರು ರಜೆಗೆಂದು ಊರಿನಲ್ಲಿದ್ದರು. ಅಂದಿನಿಂದ ಜೋರು ಮಳೆಯ ರಾತ್ರಿ ಬೆಂಗಳೂರಿನ ಮೂರನೇ ಮಹಡಿಯಲ್ಲಿಯೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಹೇಡಿತನ ಎಂದು ಅವರು ಹೀಗಳೆಯುತ್ತಿದ್ದ ದನಿಗೆ ಆ ಇಳಿಜಾರಿನ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದನ್ನು ಕೇಳಿದೊಡನೆ ಒಂದು ಪ್ರಶ್ನೆ ಎರಡಾಯಿತು: ತೋಟಕ್ಕೆ ಮರಳುವುದು ಬೇರೆ, ಆ ಮನೆಗೆ ಮರಳುವುದು ಬೇರೆ. ಈಗ ಅವರು ತಂದೆತಾಯಿಯೊಂದಿಗೆ ಸುಂಟಿಕೊಪ್ಪದಲ್ಲಿ ಬಾಡಿಗೆಗಿದ್ದು ತೋಟ ನೋಡಿಕೊಳ್ಳುತ್ತಿದ್ದಾರೆ. ಭಯ ಹೋಗಿಲ್ಲ, ಅದಕ್ಕೊಂದು ಕೆಲಸ ಸಿಕ್ಕಿದೆ. ಮಳೆಗಾಲದಲ್ಲಿ ದಿನವೂ ಎಷ್ಟು ಇಂಚು ಬಿತ್ತೆಂದು ಅಳೆದು ಬರೆಯುತ್ತಾರೆ, ಹೆಚ್ಚಾದ ದಿನ ಕೆಲಸದವರನ್ನು ಆ ಬರೆಯ ಕೆಳಗೆ ಬಿಡುವುದಿಲ್ಲ.

ಅವರೊಳಗೆ ನಾಚಿಕೆಯ ದನಿಯೂ ಒಂದಿತ್ತು. ಕೆಲಸ ಹೋಗಿರಬೇಕು, ಅದಕ್ಕೇ ಬಂದಿದ್ದಾನೆ ಎಂದು ಮದುವೆ ಮನೆಗಳಲ್ಲಿ ಜನ ಆಡಿಕೊಂಡಾರು ಎನ್ನುವ ದನಿ. ನನ್ನ ಅನುಭವದಲ್ಲಿ ಭಯಕ್ಕಿಂತ ಹೆಚ್ಚು ಹಾನಿ ಮಾಡುವುದು ಇದು. ಭಯಕ್ಕೆ ತೋರಿಸಲು ಒಂದು ಬರೆಯಾದರೂ ಇರುತ್ತದೆ. ನಾಚಿಕೆ "ಜನ" ಎಂದು ಸುಮ್ಮನಾಗುತ್ತದೆ. ಯಾವ ಜನ, ಹೆಸರು ಹೇಳಿ ಎಂದು ಪಟ್ಟು ಹಿಡಿಯಬೇಕು. ಮೂರು ನಾಲ್ಕು ಹೆಸರಿಗೆ ಪಟ್ಟಿ ಮುಗಿಯುತ್ತದೆ.

ಕೊಡಗಿನವರಿಗೆ ನಾನು ವಿಶೇಷವಾಗಿ ಹೇಳುವ ಇನ್ನೊಂದು ಮಾತಿದೆ. ಒಳಗಿನ ದನಿಗಳಿಗೂ ಋತುಗಳಿವೆ. ಬೇಸಿಗೆಯ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಹೂವಿನಿಂದ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಗೇಟಿನವರೆಗೂ ಬರುವಾಗ, ಊರನ್ನು ಪ್ರೀತಿಸುವ ದನಿ ಒಂದೇ ಮಾತನಾಡುತ್ತದೆ. ಜುಲೈಯಲ್ಲಿ ಕರೆಂಟಿಲ್ಲದೆ, ಒಗೆದ ಬಟ್ಟೆ ಒಣಗದೆ, ರಸ್ತೆಗೆ ಮರ ಬಿದ್ದಿರುವಾಗ ಹೊರಡು ಎನ್ನುವ ದನಿ ಒಂದೇ ಮಾತನಾಡುತ್ತದೆ. ಕೊಯ್ಲಿನ ಸಮಯದಲ್ಲಿ ಆಳು ಸಿಗದೆ ಹಣ್ಣು ಉದುರುವಾಗ ಬರುವ ದನಿ ಮತ್ತೊಂದು. ಈ ಯಾವ ತಿಂಗಳಿನಲ್ಲಿಯೂ ಆಸ್ತಿಯ ಕಾಗದಕ್ಕೆ ಸಹಿ ಹಾಕಬೇಡಿ. ಸಾಧ್ಯವಿದ್ದರೆ ವರ್ಷದ ಸುತ್ತು ಮುಗಿಯಲಿ, ಒಂದೊಂದು ಕಾಲದಲ್ಲಿಯೂ ಅನಿಸಿದ್ದನ್ನು ಅಂದೇ ಬರೆದಿಡಿ. ಆಮೇಲೆ ಎಲ್ಲ ಪುಟಗಳನ್ನು ಒಟ್ಟಿಗೆ ಓದಿ.

ಇನ್ನು ಹಿರಿಯರ ದನಿ. ಜಾಗ ಮಾರಿದರೆ ಅಜ್ಜನಿಗೆ ನೋವಾಗುತ್ತದೆ ಎನ್ನುವವರನ್ನು ನಾನು ತಿದ್ದುವುದಿಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆಯ ತೂಗುದೀಪದ ಮುಂದೆ ನಿಂತು ಮೂಲಪುರುಷನಾದ ಗುರುಕಾರಣನನ್ನು ನೆನೆಯುವ ನಾಡಿನಲ್ಲಿ ಆ ದನಿಗೆ ಗೌರವ ಇರಲೇಬೇಕು. ಆದರೆ ತೀರಿಹೋದ ಅಜ್ಜನಿಗೆ ಇಂದಿನ ಕೂಲಿಯಾಳಿನ ಕೊರತೆ, ಹಗಲಿನಲ್ಲೇ ತೋಟಕ್ಕೆ ನುಗ್ಗುವ ಆನೆ ಗೊತ್ತಿಲ್ಲ. ಅವೆಲ್ಲವನ್ನೂ ಹೇಳಿ ಕೇಳಿ ಎನ್ನುತ್ತೇನೆ. ಹಿರಿಯರು ಬದುಕಿದ್ದರೆ ಒಳಗಿನವರನ್ನು ಬಿಟ್ಟು ಎದುರಿಗಿರುವವರನ್ನೇ ಕೇಳಿ. ಸಿದ್ದಾಪುರದ ಕಡೆಯ ಮಹಿಳೆಯೊಬ್ಬರು, ತಂದೆ ಒಪ್ಪುವುದಿಲ್ಲ ಎಂದುಕೊಂಡು ತೋಟ ಮಾರುವ ಮಾತನ್ನೇ ಎತ್ತದೆ ವರ್ಷಗಟ್ಟಲೆ ಒದ್ದಾಡಿದ್ದರು. ಕೊನೆಗೆ ಕೇಳಿದಾಗ ತಂದೆ ಹೇಳಿದ್ದು: "ನನಗೂ ಸಾಕಾಗಿತ್ತು ಮಗಳೇ. ನಿನಗೆ ಬೇಸರವಾದೀತೆಂದು ಸುಮ್ಮನಿದ್ದೆ."

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬದುಕು ಸಾಕು ಎನ್ನುವ ದನಿ ಕೇಳಿಸುತ್ತಿದ್ದರೆ ಅದರೊಡನೆ ಒಬ್ಬರೇ ಮಾತಿಗೆ ಕೂರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲರನ್ನೂ ಕೇಳಿದ ಮೇಲೂ ಒಂದು ದನಿ ಸೋಲುತ್ತದೆಯಲ್ಲ, ಅದಕ್ಕೇನು ಮಾಡಲಿ ಎಂದು ಕೇಳುತ್ತಾರೆ. ಅದರ ಷರತ್ತನ್ನು ಕೇಳಿ, ಸಾಧ್ಯವಾದಷ್ಟು ನಡೆಸಿಕೊಡಿ. ತೋಟ ಮಾರಿದ ಆ ಮಹಿಳೆಯೊಳಗೆ ಮಾರಬೇಡ ಎನ್ನುತ್ತಿದ್ದ ದನಿ ಕೊನೆಗೆ ಕೇಳಿದ್ದು ಒಂದನ್ನೇ: ಪ್ರತಿ ವರ್ಷ ಹೊಸ ಭತ್ತದ ಹಬ್ಬವಾದ ಪುತ್ತರಿಗೆ ಮಕ್ಕಳನ್ನು ಕರೆದುಕೊಂಡು ಐನ್‌ಮನೆಗೆ ಬರಬೇಕು, ಗದ್ದೆಗೆ ಇಳಿದು ಕದಿರು ತೆಗೆಯುವಾಗ ಅವರು ಅಲ್ಲಿರಬೇಕು. ನೋಂದಣಿ ಮುಗಿಸಿ ಬಂದ ವಾರದಲ್ಲಿಯೇ ಅವರು ಕಚೇರಿಗೆ ಪುತ್ತರಿಯ ರಜೆಯ ಅರ್ಜಿ ಕೊಟ್ಟರು.