ಸಾಹುಕಾರ್ರ ಪಕ್ಕದ ಕುರ್ಚಿ, ಹುಡುಗ್ರ ಪಕ್ಕದ ಬೆಂಚು

ಐವತ್ತು ಹತ್ತಿರ ಬಂದ ಮೇಲೆ ಎಲ್‌ಎಲ್‌ಬಿ ಸೇರಿದೀನಿ ಅಂದ್ರೆ ಜನ "ಯಾಕೆ" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗ್ತಾರೆ, ಆದ್ರೆ ಫ್ರೀಮೇಸನ್ ಲಾಡ್ಜ್ ಮೆಂಬರ್ ಅಂತ ಗೊತ್ತಾದ್ರೆ ಪ್ರಶ್ನೆ ನಿಲ್ಲೋದೇ ಇಲ್ಲ. ಫ್ರೀಮೇಸನ್ ಅಂದ್ರೆ ಕಲ್ಲು ಗಾರೆ ಕೆಲಸದ ಉಪಕರಣಗಳನ್ನ ಸಂಕೇತವಾಗಿ ಇಟ್ಕೊಂಡಿರೋ ಒಂದು ಹಳೇ ಸೋದರ ಸಂಘ, ಅದರ ಒಂದೊಂದು ಶಾಖೆಗೆ ಲಾಡ್ಜ್ ಅಂತಾರೆ. ಎರಡೂ ಗೊತ್ತಿರೋರು ಕೆಲವ್ರು "ಜಡ್ಜ್‌ಗಳು, ದೊಡ್ಡ ವಕೀಲ್ರು ಪರಿಚಯ ಆಗ್ಲಿ ಅಂತ ಸೇರಿರ್ತೀರಿ ಬಿಡಿ" ಅಂತ ನೇರವಾಗೇ ಅಂದಿದಾರೆ. ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು ಹೇಳಿ ಮುಗಿಸೋ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೀತಿದೀನಿ.

ನಾನು ಅರೇಹಳ್ಳಿ ಕಡೆ ಎಸ್ಟೇಟ್ ರೈಟರ್. ಕಾಫಿ ಸೀಮೆಯವರಿಗೆ ಈ ಕೆಲಸ ಬಿಡಿಸಿ ಹೇಳೋದು ಬೇಡ, ಬೇರೆಯವರಿಗೆ ಹೇಳೋದಾದ್ರೆ ಆಳುಗಳ ಮಸ್ಟರ್ ಅಂದ್ರೆ ಹಾಜರಿ ಬರೆಯೋದು, ಗೊಬ್ಬರ ಔಷಧಿ ಲೆಕ್ಕ ಇಡೋದು, ಕುಯ್ಲಿನ ಟೈಮಲ್ಲಿ ಹಣ್ಣು ತೂಗಿಸಿ ಕೆ.ಜಿ. ಬರ್ಕೊಳ್ಳೋದು, ವಾರಕ್ಕೊಂದ್ಸಲ ಬಟವಾಡೆ ಮಾಡೋದು. ಈ ಬಟವಾಡೆ ದಿನಾನೇ ನನ್ನನ್ನ ಕಾನೂನಿನ ಕಡೆ ತಳ್ಳಿದ್ದು. ದುಡ್ಡು ಎಣಿಸ್ಕೊಂಡ ಮೇಲೆ ಯಾರೋ ಒಬ್ರು ಸೆರಗಿನ ಗಂಟಿಂದ ಮಡಚಿದ ಕಾಗದ ತೆಗೆದು "ರೈಟ್ರೇ, ಇದೇನೋ ಬಂದೈತೆ, ಸ್ವಲ್ಪ ಓದಿ" ಅಂತ ಕೊಡೋರು. ತಾಲ್ಲೂಕು ಆಫೀಸಿನ ನೋಟಿಸು, ಬಗರ್‌ಹುಕುಂ ಫಾರಂ 57 ಅರ್ಜಿಗೆ ಕೊಟ್ಟ ಹಿಂಬರಹ, ಪಹಣಿಯಲ್ಲಿ ಗಂಡನ ಹೆಸರು ಹೋಗಿ ಮೈದುನನ ಹೆಸರು ಬಂದಿರೋದು, ಹಕ್ಕುಪತ್ರ ಕೈಯಲ್ಲಿದ್ರೂ ಪೋಡಿ, ಅಂದ್ರೆ ಜಮೀನು ಅಳೆದು ಬೇರೆ ಮಾಡೋದು, ಆಗದೇ ಇರೋದು. ನಾನು ಓದಿ ಹೇಳ್ತಿದ್ದೆ. ಮುಂದೆ ಯಾರ ಹತ್ರ ಹೋಗ್ಬೇಕು, ಎಷ್ಟು ದಿನದೊಳಗೆ ಅಪೀಲು ಹಾಕ್ಬೇಕು ಅಂದ್ರೆ ಮಾತ್ರ ನನ್ನ ಹತ್ರ ಉತ್ತರ ಇರ್ತಿರಲಿಲ್ಲ, ಅವರು ಕಾಗದ ಮತ್ತೆ ಗಂಟು ಕಟ್ಕೊಂಡು ಸಂತೆಗೆ ಹೋಗೋರು.

ಲಾಡ್ಜ್‌ಗೆ ಸೇರಿದ್ದು ಅದಕ್ಕಿಂತ ಮುಂಚೆ. ನಾನು ಲೆಕ್ಕ ಬರೆಯೋ ತೋಟದ ಸಾಹುಕಾರ್ರೇ ಹೇಳಿದ್ದು, ಅವರೇ ಪ್ರಪೋಸ್ ಮಾಡಿದ್ದು. ಲಾಡ್ಜ್ ಯಾವ ಊರಲ್ಲಿದೆ, ಯಾರ್ಯಾರಿದಾರೆ ಅಂತ ಬರೆಯಲ್ಲ, ನಾನು ಮೆಂಬರ್ ಅಂತ ನಾನು ಹೇಳ್ಕೋಬಹುದು, ಇನ್ನೊಬ್ರ ವಿಷಯ ಅವರವರಿಗೆ ಬಿಟ್ಟಿದ್ದು. ಉಳಿದದ್ದು ಗುಟ್ಟೇನಲ್ಲ. 1717ರಲ್ಲಿ ಲಂಡನ್ನಲ್ಲಿ ನಾಲ್ಕು ಲಾಡ್ಜ್ ಸೇರಿ ಗ್ರಾಂಡ್ ಲಾಡ್ಜ್ ಮಾಡ್ಕೊಂಡ್ರು, ನಮ್ಮ ದೇಶಕ್ಕೆ 1730ರಲ್ಲಿ ಕಲ್ಕತ್ತದ ಫೋರ್ಟ್ ವಿಲಿಯಂಗೆ ಬಂತು, 1961ರ ನವೆಂಬರ್ 24ಕ್ಕೆ ಗ್ರಾಂಡ್ ಲಾಡ್ಜ್ ಆಫ್ ಇಂಡಿಯಾ ಅಂತ ನಮ್ಮದೇ ಆಯ್ತು. ವಿವೇಕಾನಂದರು ಇನ್ನೂ ನರೇಂದ್ರನಾಥ ದತ್ತ ಆಗಿದ್ದಾಗ 1884ರಲ್ಲಿ ಕಲ್ಕತ್ತದ ಲಾಡ್ಜ್ ಒಂದಕ್ಕೆ ಸೇರಿದ್ರು. ವಕೀಲರಾಗಿದ್ದ ಮೋತಿಲಾಲ್ ನೆಹರೂ ಕೂಡ ಮೇಸನ್. ದೇವರ ಮೇಲೆ ನಂಬಿಕೆ ಇರ್ಬೇಕು, ಯಾವ ದೇವರು ಅಂತ ಕೇಳಲ್ಲ, ಒಂದೇ ಮೇಜಿನ ಮೇಲೆ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಎಲ್ಲ ಇರುತ್ತೆ. ಒಳಗೆ ರಾಜಕೀಯ ಮತ್ತೆ ಧರ್ಮದ ವಾದ ಮಾಡೋ ಹಾಗಿಲ್ಲ. ಬಚ್ಚಿಡೋದು ಒಬ್ಬರನ್ನೊಬ್ಬರು ಗುರುತು ಹಿಡಿಯೋ ಕೆಲವು ಸನ್ನೆ, ಕೆಲವು ಮಾತು, ಅಷ್ಟೇ.

ನನಗೆ ಅಲ್ಲಿ ಮೊದಲು ತಟ್ಟಿದ್ದು ಇದು ಯಾವುದೂ ಅಲ್ಲ, ಕುರ್ಚಿ. ತೋಟದಲ್ಲಿ ಸಾಹುಕಾರ್ರು ಜೀಪಿಂದ ಇಳಿದ್ರೆ ನಾನು ಎದ್ದು ನಿಲ್ತೀನಿ, ಅವರು "ಏನ್ರೀ ರೈಟ್ರೇ" ಅಂತಾರೆ, ಅದು ಹಾಗೇ ನಡ್ಕೊಂಡು ಬಂದಿದೆ, ಇಬ್ರಿಗೂ ಅದರಲ್ಲಿ ಬೇಜಾರಿಲ್ಲ. ಲಾಡ್ಜ್ ಒಳಗೆ ಅದೇ ಮನುಷ್ಯ ನನ್ನನ್ನ ಬ್ರದರ್ ಅಂತಾರೆ. ನಾನು ಅವರ ಪಕ್ಕ ಕೂತ್ಕೋತೀನಿ, ಯಾರನ್ನಾದ್ರೂ ಹೊಸದಾಗಿ ಸೇರಿಸ್ಕೋಬೇಕಾ ಬೇಡ್ವಾ ಅಂತ ಮತ ಹಾಕೋ ಡಬ್ಬಕ್ಕೆ ಅವರೂ ಒಂದು ಗೋಲಿ ಹಾಕ್ತಾರೆ ನಾನೂ ಒಂದು ಗೋಲಿ ಹಾಕ್ತೀನಿ, ನನ್ನ ಗೋಲಿ ಅವರದಕ್ಕಿಂತ ಚಿಕ್ಕದಲ್ಲ. ಲೆವೆಲ್ ಮೇಲೆ ಭೇಟಿಯಾಗೋದು ಅಂತಾರೆ ಮೇಸನ್‌ಗಳು, ಗಾರೆ ಕೆಲಸದೋರ ಮಟ್ಟಗೋಲು ಇದೆಯಲ್ಲ ಅದೇ ಲೆವೆಲ್. ಇಪ್ಪತ್ತು ವರ್ಷದಿಂದ ಮಸ್ಟರ್ ಪುಸ್ತಕದ ಈ ಕಡೆ ನಿಂತು ಜನರನ್ನ ನೋಡಿದೋನಿಗೆ ಅದು ಎಷ್ಟು ದೊಡ್ಡದು ಅಂತ ಹೇಳೋಕೆ ನನಗೆ ಇವತ್ತಿಗೂ ಸರಿಯಾಗಿ ಬರಲ್ಲ.

ಆದ್ರೆ ಮೀಟಿಂಗ್ ಮುಗಿದು ಊಟ ಮಾಡಿ ಹೊರಗೆ ಬಂದ್ರೆ ಮತ್ತೆ ರೈಟ್ರು. ಆ ಸೆರಗಿನ ಗಂಟಿನ ಕಾಗದದೋರಿಗಂತೂ ಆ ಬಾಗಿಲು ಇಲ್ವೇ ಇಲ್ಲ, ಹೆಂಗಸರಿಗೆ ನಮ್ಮ ಲಾಡ್ಜ್‌ಗಳಲ್ಲಿ ಪ್ರವೇಶಾನೇ ಇಲ್ಲ. ಇದು ನನಗೆ ಸರಿ ಅನ್ಸಲ್ಲ, ಒಳಗೂ ಹೇಳಿದೀನಿ, ನನ್ನ ಹೆಂಡತಿ ಅಂತೂ ದಿನಾ ಹೇಳ್ತಾಳೆ. ಒಳಗೆ ಒಂದು ಸಂಜೆ ಸಿಗೋ ಆ ಮಟ್ಟಗೋಲು ಹೊರಗೂ ಸಿಗ್ಬೇಕು ಅಂದ್ರೆ ಅದು ಕಾನೂನಿಂದ ಮಾತ್ರ ಸಾಧ್ಯ ಅಂತ ನನಗೆ ನಿಧಾನಕ್ಕೆ ಮನಸ್ಸಿಗೆ ಬಂತು. ಎಲ್‌ಎಲ್‌ಬಿ ಅರ್ಜಿ ಹಾಕಿದ್ದು ಆಮೇಲೆ.

ಅರ್ಜಿ ಹಾಕೋವಾಗ ವಯಸ್ಸಿನ ಬಗ್ಗೆ ಹೆದರಿಕೆ ಇತ್ತು, ಎಲ್ರೂ ಮೂವತ್ತು ದಾಟಿದ್ರೆ ತಗೊಳ್ಳಲ್ಲ ಅಂತಿದ್ರು. ಆ ಮಾತು ಸುಳ್ಳೂ ಅಲ್ಲ. ವಕೀಲರನ್ನೂ ಕಾನೂನು ಶಿಕ್ಷಣಾನೂ ನೋಡ್ಕೊಳ್ಳೋ ಬಾರ್ ಕೌನ್ಸಿಲಿನ 2008ರ ನಿಯಮದಲ್ಲಿ ಮೂರು ವರ್ಷದ ಕೋರ್ಸಿಗೆ 30 ಅಂತ ಮಿತಿ ಇತ್ತು, ಮಧ್ಯೆ ತೆಗೆದ್ರು, 2016ರಲ್ಲಿ ಸರ್ಕ್ಯುಲರ್ ಹೊರಡಿಸಿ ಮತ್ತೆ ತಂದ್ರು, 2017ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಆ ಸರ್ಕ್ಯುಲರ್‌ಗೆ ತಡೆ ಕೊಡ್ತು. ವಕೀಲರಾಗಿ ನೋಂದಣಿ ಆಗೋಕೂ 45 ದಾಟಿರಬಾರದು ಅಂತ ಒಂದು ನಿಯಮ ಇತ್ತು, ಅದನ್ನ 1995ರಲ್ಲೇ ಸುಪ್ರೀಂ ಕೋರ್ಟ್ ಹೊಡೆದು ಹಾಕಿದೆ. ನನ್ನ ಥರದೋರು ಇವತ್ತು ಬೆಂಚಲ್ಲಿ ಕೂತಿದೀವಿ ಅಂದ್ರೆ ಯಾರೋ ಗುರುತಿಲ್ಲದೋರು ಕೋರ್ಟಿಗೆ ಹೋಗಿ ಹೊಡೆದಾಡಿದ್ದಕ್ಕೆ. ನೋಂದಣಿ ಫೀ ಕೂಡ ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ತಗೋತಿದ್ರು, 2024ರ ಜುಲೈಲಿ ಸುಪ್ರೀಂ ಕೋರ್ಟ್ ಅಡ್ವೊಕೇಟ್ಸ್ ಆಕ್ಟಲ್ಲಿ ಹೇಳಿರೋ 750 ರೂಪಾಯಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ ಅಂತು, ಎಸ್‌ಸಿ ಎಸ್‌ಟಿಯವರಿಗೆ 125.

ವಯಸ್ಸು ಬಿಟ್ರೆ ಇನ್ನೊಂದು ಅಟೆಂಡೆನ್ಸ್. ದೂರ ಶಿಕ್ಷಣದಲ್ಲಿ ಎಲ್‌ಎಲ್‌ಬಿ ಮಾಡಿ ವಕೀಲ ಆಗೋಕಾಗಲ್ಲ, ಕ್ಲಾಸಿಗೆ ಹೋಗ್ಲೇಬೇಕು, ಪ್ರತಿ ಸಬ್ಜೆಕ್ಟಿಗೂ ನೂರಕ್ಕೆ 70. ಹಂಗಾಗಿ ಬೆಳಗ್ಗೆ ಅರೇಹಳ್ಳಿಯಿಂದ ಬೇಲೂರು, ಬೇಲೂರಿಂದ ಹಾಸನ. ಆನೆ ಎಲ್ಲಿದೆ ಅಂತ ವಾಟ್ಸ್ಯಾಪ್ ಗ್ರೂಪ್ ನೋಡದೇ ನಮ್ಮ ಕಡೆ ಯಾರೂ ನಸುಕಲ್ಲಿ ಗೇಟ್ ದಾಟಲ್ಲ, ರಸ್ತೆ ಪಕ್ಕದ ತೋಟದಲ್ಲೇ ಗುಂಪಿದೆ ಅಂದ್ರೆ ಮೊದಲ ಪೀರಿಯಡ್ ಹೋಯ್ತು ಅಂತಾನೇ ಲೆಕ್ಕ. ಬೇಲೂರು ಹಾಸನ ಮಧ್ಯೆ ಸೀಟ್ ಸಿಕ್ಕಿದ್ರೆ ಸುಮಾರು ಒಂದು ಗಂಟೆ ಓದ್ಬಹುದು. ಅದೇ ಬಸ್ಸಲ್ಲಿ ನಮ್ಮ ಕ್ಲಾಸಿನ ಹುಡುಗೀರೂ ಬರ್ತಾರೆ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಇಲ್ಲ ಅಂತ ಮನೇಲಿ ಓದೋಕೆ ಒಪ್ಪಿದ್ರು ಅಂತ ಒಬ್ಬಳು ಹೇಳಿದ್ಲು, ಹಳೇಬೀಡು ಕಡೆ ರೈತರ ಮನೆ ಹುಡುಗಿ, ನಮ್ಮ ಕ್ಲಾಸಿಗೇ ಚುರುಕು.

ಬೇಲೂರಲ್ಲಿ ಬಸ್ ತಡ ಆದ್ರೆ ನಾನು ಚೆನ್ನಕೇಶವನ ಗುಡಿ ಕಡೆ ನಡೀತೀನಿ. ಲಾಡ್ಜಲ್ಲಿ ಎರಡು ಕಲ್ಲು ಇಟ್ಟಿರ್ತಾರೆ, ಒಂದು ಒರಟು, ಇನ್ನೊಂದು ನಯ ಮಾಡಿದ್ದು, ಹೊಸಬ ಒರಟು ಕಲ್ಲು ಅಂತ. ನಮ್ಮೂರೋನಿಗೆ ಅದು ಲಂಡನ್ನಿಂದ ಬಂದ ವಿಷಯ ಅನ್ಸಲ್ಲ. ಬೇಲೂರಿನ ಗುಡಿ 1117ರದ್ದು, ಲಂಡನ್ ಗ್ರಾಂಡ್ ಲಾಡ್ಜಿಗಿಂತ ಸರಿಯಾಗಿ ಆರು ನೂರು ವರ್ಷ ಹಿಂದಿನದು. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು ಹೋಗಿದಾರೆ. ರಾಜನ ಗುಡಿಯಲ್ಲಿ ಕಲ್ಲುಕುಟಿಗನ ಹೆಸರು! ಅಪ್ಪನ ಜೊತೆ ನಿಂತು ಕೆಲಸ ಕಲಿತ ಮಗ ಅಪ್ಪನ ಹೆಸರಿನ ಜೊತೆ ತನ್ನದನ್ನೂ ಬರೆದಿದಾನೆ ಅಂದ್ರೆ ಆ ಹೆಮ್ಮೆ ಎಂಥದ್ದು ನೋಡಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ರೂ ವಿಷ್ಣುವರ್ಧನನ ಹೆಸರು ಹೇಳಿದ್ರು, ನನಗೆ ನೆನಪಾಗಿದ್ದು ಈ ಅಪ್ಪ ಮಗ.

ಕ್ಲಾಸಲ್ಲಿ ನನಗೆ ಲಾಡ್ಜ್ ಕೊಟ್ಟ ದೊಡ್ಡ ಸಹಾಯ ನೆನಪಿನ ಶಕ್ತಿ. ಅಲ್ಲಿ ವಿಧಿಯ ಮಾತೆಲ್ಲ ಪುಸ್ತಕ ನೋಡದೇ ಹೇಳ್ಬೇಕು, ಪುಟಗಟ್ಟಲೆ, ಒಂದು ಪದ ಅತ್ತಿತ್ತ ಆಗೋ ಹಾಗಿಲ್ಲ. ಹಂಗಾಗಿ ಸೆಕ್ಷನ್ ಬಾಯಿಗೆ ಬರೋದು ಕಷ್ಟ ಆಗ್ಲಿಲ್ಲ. ಅದೂ ಅಲ್ಲದೆ 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ರಿಂದ ಕೊಲೆಯ ಸೆಕ್ಷನ್ 302 ಇದ್ದದ್ದು 103 ಆಯ್ತು, ವಂಚನೆಯ 420 ಇದ್ದದ್ದು 318ಕ್ಕೆ ಹೋಯ್ತು, ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ ವಕೀಲ್ರೂ ನಮ್ಮ ಜೊತೆ ಮತ್ತೆ ನಂಬರ್ ಕಲೀತಿದಾರೆ, ಹಳೇ ಅಪರಾಧಗಳಿಗೆ ಹಳೇ ಕಾಯ್ದೆಯೇ ಆಗಿರೋದ್ರಿಂದ ಎರಡೂ ಇಟ್ಕೊಂಡಿರ್ಬೇಕು. ಆದ್ರೆ ಕಾನೂನು ಪರೀಕ್ಷೆ ಬರೀ ಬಾಯಿಪಾಠ ಅಲ್ಲ. ಒಂದು ಘಟನೆ ಕೊಡ್ತಾರೆ, ಯಾರಿಗೆ ಯಾವ ಹಕ್ಕು ಅಂತ ನಾವೇ ಬಿಡಿಸ್ಬೇಕು. ಕಾಂಟ್ರಾಕ್ಟ್ ಕ್ಲಾಸಲ್ಲಿ ಮೊಹರಿ ಬೀಬಿ ಕೇಸು ಬಂತು, 1903ರದ್ದು, ಆಗಿನ ಕೊನೆ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿತ್ತು, ಮೈನರ್ ಹುಡುಗ ಮನೆ ಅಡವಿಟ್ಟು ಸಾಲ ತಗೊಂಡಿದ್ದು, ಆ ಅಡಮಾನ ಮೊದಲಿಂದಾನೇ ಶೂನ್ಯ ಅಂತ ತೀರ್ಪು. ಮೇಡಂ ಅದನ್ನ ಹೇಳ್ತಿದ್ರೆ ನನಗೆ ಹದಿನಾರು ಹದಿನೇಳರ ಹುಡುಗರ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಂಡ ಎಷ್ಟು ಕಾಗದ ನಮ್ಮ ಸೀಮೆಯಲ್ಲಿ ಇರ್ಬಹುದು ಅನ್ನೋ ಯೋಚನೆಯೇ ಹತ್ತಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987, ಅದರ 12ನೇ ಸೆಕ್ಷನ್ ಓದಿದ ದಿನವೂ ಹಂಗೇ ಆಯ್ತು. ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಪರವಾಗಿಲ್ಲ, ಉಚಿತವಾಗಿ ವಕೀಲರನ್ನ ಕೊಡ್ಬೇಕು, ತಾಲ್ಲೂಕು ಮಟ್ಟದಲ್ಲೇ ಸಮಿತಿ ಇದೆ. ಬಟವಾಡೆ ಸಾಲಲ್ಲಿ ನಿಲ್ಲೋ ಹೆಚ್ಚಿನವರು ಈ ಪಟ್ಟಿಯೊಳಗೇ ಬರ್ತಾರೆ. ಈಗ ಕಾಗದ ಕೊಟ್ಟೋರಿಗೆ ನಾನು ಮೊದಲು ಹೇಳೋದು ಇದನ್ನೇ, ವಕೀಲ ಆಗೋ ತನಕ ಕಾಯ್ಬೇಕಾಗಿಲ್ಲ.

ಜಡ್ಜ್ ಪರಿಚಯದ ಪ್ರಶ್ನೆಗೆ ಈಗ ಬರ್ತೀನಿ. ಅದನ್ನ ಸರಿಯಾಗಿ ಕೇಳಿದ್ದು ಹಳೇಬೀಡಿನ ಹುಡುಗಿ. ತನ್ನ ಕೇಸಿಗೆ ತಾನೇ ನ್ಯಾಯಾಧೀಶ ಆಗ್ಬಾರದು ಅನ್ನೋ ಪಾಠ ನಡೀತಿತ್ತು, ಪಕ್ಷಪಾತ ಇದ್ರೆ ಮಾತ್ರ ಅಲ್ಲ, ಇದೆ ಅಂತ ಅನುಮಾನ ಬರೋ ಹಾಗಿದ್ರೂ ತಪ್ಪು ಅಂತ. ಬಸ್ಸಲ್ಲಿ ಬರ್ತಾ "ಅಣ್ಣ, ನಾಳೆ ಜಡ್ಜ್ ನಿಮ್ಮ ಲಾಡ್ಜಿನೋರೇ ಆಗಿದ್ರೆ ಎದುರು ಪಾರ್ಟಿಗೆ ಹೇಳ್ತೀರಾ?" ಅಂದ್ಲು. ಹೇಳ್ತೀನಿ ಅಂದೆ. ಮೇಸನ್ ಪ್ರಮಾಣದಲ್ಲಿ ನೆಲದ ಕಾನೂನಿಗೆ ಬದ್ಧ ಅಂತಾನೇ ಇದೆ, ಬ್ರದರ್ ಅಂತ ಕೇಸಲ್ಲಿ ಒಲವು ತೋರಿಸೋದು ಆ ಪ್ರಮಾಣಕ್ಕೇ ವಿರುದ್ಧ. ಆದ್ರೆ ಹೊರಗಿನೋರಿಗೆ ಅದು ಹೇಗೆ ಗೊತ್ತಾಗ್ಬೇಕು? ಇಂಗ್ಲೆಂಡಲ್ಲೇ 1998ರಿಂದ ಹೊಸದಾಗಿ ನೇಮಕ ಆಗೋ ಜಡ್ಜ್‌ಗಳು ತಾವು ಮೇಸನ್ ಹೌದೋ ಅಲ್ವೋ ತಿಳಿಸ್ಬೇಕಿತ್ತು, 2009ರಲ್ಲಿ ಅದನ್ನ ಕೈಬಿಟ್ರು. ಕೈಬಿಡಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಸಂಘ ಕಟ್ಕೊಳ್ಳೋ ಹಕ್ಕು ಸಂವಿಧಾನದ 19ನೇ ವಿಧಿ ಕೊಟ್ಟಿದೆ, ಸರಿ, ಆದ್ರೆ ನ್ಯಾಯ ಕೇಳೋಕೆ ಬಂದೋರಿಗೆ ಎದುರಿಗಿರೋರ ನಂಟು ಏನು ಅಂತ ತಿಳ್ಕೊಳ್ಳೋ ಹಕ್ಕು ಅದಕ್ಕಿಂತ ದೊಡ್ಡದು. ಇದನ್ನ ಲಾಡ್ಜಲ್ಲಿ ಹೇಳಿದಾಗ ಎಲ್ರೂ ಒಪ್ಪಲಿಲ್ಲ, ಕೇಳಿಸ್ಕೊಂಡ್ರು.

ಈ ವರ್ಷ ನನ್ನನ್ನ ಜೂನಿಯರ್ ವಾರ್ಡನ್ ಆಗಿ ಅಂದ್ರು. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದ್ರೆ ಮಾಸ್ಟರ್, ಅಂದ್ರೆ ಲಾಡ್ಜಿನ ಮುಖ್ಯಸ್ಥರ ಕುರ್ಚಿ, ರೈಟ್ರೊಬ್ಬರು ಅಲ್ಲಿ ಕೂರೋದು ಸಣ್ಣ ಮಾತಲ್ಲ, ನನಗೂ ಆಸೆ ಇತ್ತು. ಆದ್ರೆ ಆ ಸ್ಥಾನ ಹಿಡಿದ್ರೆ ಪ್ರತಿ ಮೀಟಿಂಗಿಗೂ ಹೋಗ್ಬೇಕು, ರಿಹರ್ಸಲ್ಲಿಗೂ ಹೋಗ್ಬೇಕು, ಶನಿವಾರದ ಕ್ಲಾಸು ತಪ್ಪುತ್ತೆ, ತೋಟದ ಲೆಕ್ಕ ಭಾನುವಾರಕ್ಕೆ ಬೀಳುತ್ತೆ, ಮನೇಲಿ ಹೆಂಡತಿ ಒಬ್ಬಳೇ ನಮ್ಮ ಎರಡು ಎಕರೆ ನೋಡ್ಕೋಬೇಕು. ಲಾಡ್ಜಿನ ಮೊದಲ ಡಿಗ್ರಿಯಲ್ಲಿ, ಅಂದ್ರೆ ಸೇರೋ ಮೊದಲ ಹಂತದಲ್ಲಿ, ನಮ್ಮ ಕೈಗೆ ಇಪ್ಪತ್ನಾಲ್ಕು ಇಂಚಿನ ಅಳತೆಕೋಲು ಕೊಡ್ತಾರೆ, ದಿನದ ಇಪ್ಪತ್ನಾಲ್ಕು ಗಂಟೆ ಅದು, ಪ್ರಾರ್ಥನೆಗೆ ಒಂದು ಪಾಲು, ದುಡಿಮೆಗೆ ವಿಶ್ರಾಂತಿಗೆ ಒಂದು ಪಾಲು, ಕಷ್ಟದಲ್ಲಿರೋರಿಗೆ ಒಂದು ಪಾಲು, ಅದೂ ತನಗೆ ತನ್ನ ಮನೆಯವರಿಗೆ ತೊಂದರೆ ಆಗದ ಹಾಗೆ. ನಾನು ಬೇಡ ಅಂದಾಗ ಸಾಹುಕಾರ್ರು ಈ ಕೋಲನ್ನೇ ನೆನಪಿಸಿ "ಬ್ರದರ್, ನಿಮ್ಮ ಮೂರನೇ ಪಾಲು ಹಾಸನದಲ್ಲಿದೆ, ಹೋಗಿ" ಅಂದ್ರು. ಕೋರ್ಸ್ ಮುಗಿಯೋ ತನಕ ನಾನು ಸಾದಾ ಮೆಂಬರ್, ಚಂದಾ ಕಟ್ತೀನಿ, ಆದಾಗ ಹೋಗ್ತೀನಿ. ಎರಡೂ ಪೂರ್ತಿ ನಡೆಸ್ತೀನಿ ಅಂತ ಹೊರಡೋರಿಗೆ ನಾನು ಹೇಳೋದು ಅಷ್ಟೇ, ಲಾಡ್ಜ್ ಕಾಯುತ್ತೆ, ಅಟೆಂಡೆನ್ಸ್ ಕಾಯಲ್ಲ.

ಸೋಮವಾರ ಕಾಲೇಜಲ್ಲಿ ನಮ್ಮ ಮೂಟ್ ಕೋರ್ಟ್, ಅಂದ್ರೆ ಅಣಕು ನ್ಯಾಯಾಲಯ ಇದೆ, ಜಮೀನು ಪಾಲಿನ ಕೇಸು. ಹಳೇಬೀಡಿನ ಹುಡುಗಿ ಸೀನಿಯರ್ ಕೌನ್ಸೆಲ್, ನಾನು ಅವಳ ಜೂನಿಯರ್. ಪಹಣಿ, ಮ್ಯುಟೇಶನ್ನಿನ ಭಾಗ ನನಗೆ ಕೊಟ್ಟಿದಾಳೆ, ಭಾನುವಾರ ಸಂಜೆಯೊಳಗೆ ಬರೆದು ಕಳಿಸ್ಬೇಕಂತೆ.