ಟಿಚ್ ಬಟನ್ ಆರ್‌ಎನ್‌ಎ: ಮೂರನೇ ವಾರ

ಶಿವಮೊಗ್ಗದ ಗಾಂಧಿ ಬಜಾರಿಂದ ಇನ್ನೂ ಆರು ಪಟ್ಟಿ ಟಿಚ್ ಬಟನ್ ತಂದೆ. ಆಷಾಢದ ಮಳೆ ಬಿಡುತ್ತಿಲ್ಲ, ಹಾಗಾಗಿ ಹೊಲಿಗೆ ಸಾಗಿದೆ: ಜೀವಕೋಶದ ಆರ್‌ಎನ್‌ಎ ಅಣು ಮಡಚಿಕೊಳ್ಳುವ ಬಗೆಯನ್ನು ಟೇಪು, ಟಿಚ್‌ಗಳಲ್ಲಿ ಮಾಡಿ ನೋಡುತ್ತಿದ್ದೇನೆ.

ಹತ್ತಿಯ ಟೇಪೇ ಆರ್‌ಎನ್‌ಎ ಸರಪಳಿ, ಅದರ ಅಕ್ಷರಗಳು (ಬೇಸುಗಳು) ಎ, ಯು, ಜಿ, ಸಿ. ಎ-ಯು ಜೋಡಿಗೆ ಎರಡು ಟಿಚ್, ಜಿ-ಸಿ ಜೋಡಿಗೆ ಮೂರು. ನಿಜವಾದ ಜೋಡಿಯನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳೂ ಅಷ್ಟೇ. ಆರಿಸಿಕೊಂಡದ್ದು ಮನುಷ್ಯರ ಮೈಟೋಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ) ಲೈಸಿನ್ ಟಿಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟಲು ಲೈಸಿನ್ ಎಂಬ ಅಮೈನೊ ಆಮ್ಲವನ್ನು ಹೊತ್ತು ತರುವ ಆರ್‌ಎನ್‌ಎ. ಜೀನಿನಲ್ಲಿ 70 ಅಕ್ಷರ, ಆಮೇಲೆ ಬಾಲಕ್ಕೆ ಸೇರುವ ಸಿಸಿಎ ಮೂರು.

ಕಳೆದ ವಾರ ಎರಡು ಸಂಜೆ ಇಲ್ಲೇ ಸಿಕ್ಕಿಬಿದ್ದಿದ್ದೆ. ಏನೂ ಅಂಟದ ಬರಿ ಸರಪಳಿಯಲ್ಲಿ 9ನೇ ಮನೆಯ ಎ ಹೋಗಿ 64ನೇ ಮನೆಯ ಯು ಜೊತೆ ಕೂಡಬೇಕು. ಟೇಪಿನ ಮೇಲೆ 64 ಎಣಿಸಿದರೆ ಅಲ್ಲಿ ಎ ಇದೆ! ಉದ್ದ ಬೇರೆಬೇರೆಯಾದರೂ ಟಿಆರ್‌ಎನ್‌ಎಗಳ ಮನೆಗಳಿಗೆಲ್ಲ ನಂಬರು ಕೊಡುವುದು 76ರ ಒಂದೇ ಅಳತೆಯಲ್ಲಿ. ಈ ಗಿಡ್ಡ ಸರಪಳಿಯಲ್ಲಿ ನಡುವಿನ ಕೆಲವು ಮನೆ ಖಾಲಿ. ಬಾಲದ ಕಡೆಯಿಂದ 76, 75 ಎಂದು ಹಿಂದಕ್ಕೆ ಎಣಿಸಿದಾಗ ಯು ಸಿಕ್ಕಿತು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದೆ.

ಮೊನ್ನೆ ಮಡಚಿದೆ. 8ರ ಎ 65ರ ಯುಗೆ, 9 64ಕ್ಕೆ, 10ರ ಜಿ 63ರ ಸಿಗೆ. ಮೂರು ಜೋಡಿ ಸಾಲಾಗಿ ಕೂಡಿದ್ದೇ ಟೇಪು ಉದ್ದನೆಯ ಹೇರ್‌ಪಿನ್ ಆಗಿ ನಿಂತಿತು. ಆಗಬೇಕಿದ್ದದ್ದು ಬಿಲ್ವಪತ್ರೆ: ಒಂದು ತೊಟ್ಟು, ಮೂರು ಎಲೆ. ಜೀವಕೋಶದಲ್ಲಿ 9ರ ಎಗೆ ಒಂದು ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಅಂಟಿರುತ್ತದೆ, ಅದೂ ಯು ಬಂದು ಕೂಡುವ ಅಂಚಿನಲ್ಲೇ, ಎನ್1 ಎಂಬ ನೈಟ್ರೋಜನ್ ಜಾಗದಲ್ಲಿ. ನಿನ್ನೆ ಆ ಟಿಚ್‌ನ ಕುಳಿಗೆ ಜೇನುಮೇಣ ತುಂಬಿದೆ. ನಡುವಿನ ಜೋಡಿ ಹೋದ ಮೇಲೆ ಅಕ್ಕಪಕ್ಕದವೂ ನಿಲ್ಲಲಿಲ್ಲ. ಆ ಅಕ್ಷರಗಳು ಬಿಡುವಾದವು, ಬಿಲ್ವಪತ್ರೆಯ ಮಡಿಕೆ ಕೂತಿತು.

"ಒಂದು ಟಿಚ್ಚಿಗೆ ಇಷ್ಟೆಲ್ಲ ಆಗುತ್ತೇನೋ?" ಅಂದರು ದೊಡ್ಡಮ್ಮ. ಆಗುತ್ತೆ ದೊಡ್ಡಮ್ಮ. ಈ ಒಂದು ಮೀಥೈಲೇ ಸಾಕೆಂದು 1999ರಲ್ಲಿ ವಿಜ್ಞಾನಿಗಳಾದ ಹೆಲ್ಮ್, ಗೀಜೆ, ಫ್ಲೊರೆಂಟ್ಸ್ ಪ್ರಯೋಗದಲ್ಲಿ ತೋರಿಸಿದ್ದಾರೆ. ಅಕ್ಷರಮಾಲೆಯೊಂದನ್ನೇ ನೋಡಿ ಆಕಾರ ಹೇಳಬಹುದೆಂದು ನಾನು ಇಷ್ಟು ದಿನ ನಂಬಿದ್ದೆ. ಅದು ನಿನ್ನೆ ಸಂಜೆ ಕೈಯಲ್ಲೇ ಕಳಚಿತು.

ಅದೇ ಮೀಥೈಲ್ ಎಯ ಎನ್6 ಜಾಗದಲ್ಲಿ ಕೂತರೆ ಕಥೆ ಬೇರೆ. ಜೋಡಿ ಆಗುತ್ತದೆ, ಆದರೆ ಮೀಥೈಲ್ ತಿರುಗಿ ಜಾಗ ಕೊಡಬೇಕಾದ್ದರಿಂದ ಹಿಡಿತ ಸಡಿಲ. ಅದಕ್ಕೆ ಟಿಚ್ ಪಕ್ಕ ದಾರದ ಗಂಟು ಹಾಕಿದ್ದೇನೆ. ಒತ್ತಿದರೆ ಕೂಡುತ್ತದೆ, ಎಳೆದರೆ ಬೇಗ ಬಿಡುತ್ತದೆ.

ಯುವಿನ ಮಾರ್ಪಟ್ಟ ರೂಪವಾದ ಸ್ಯೂಡೋಯುರಿಡಿನ್ ಮಾತ್ರ ಟಿಚ್ಚಿಗೆ ಒಗ್ಗುತ್ತಿಲ್ಲ. ಅದು ಮಡಿಕೆಯನ್ನು ಗಟ್ಟಿ ಮಾಡುವುದು ಹೆಚ್ಚಾಗಿ ಬೇಸುಗಳು ಒಂದರ ಮೇಲೊಂದು ಕೂರುವ ಬಲದಿಂದ. ಅಡಿಕೆ ಹಾಳೆಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಟೇಪಿಗೆ ಪೋಣಿಸಿ ನೋಡಬೇಕು. ಹಾಳೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿದೆ.