ಸ್ಯಾನ್ ಹೋಸೆಯ ಹೊಸ ಮಹಿಳಾ ಫುಟ್ಬಾಲ್ ತಂಡ: ಬೇ ಎಫ್‌ಸಿಯ ಮೊದಲ ವರ್ಷ

2024ರ ಮಾರ್ಚ್ 30ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೇಪಾಲ್ ಪಾರ್ಕ್ ಕ್ರೀಡಾಂಗಣದಲ್ಲಿ ನಮ್ಮ ಪಕ್ಕದ ಆಸನದಲ್ಲಿ ಕುಳಿತಿದ್ದ, ಅರವತ್ತು ದಾಟಿದ ಮಹಿಳೆಯೊಬ್ಬರು ತೊಟ್ಟಿದ್ದ ಅಂಗಿ ಅಂದು ಆಡಲಿದ್ದ ಎರಡು ತಂಡಗಳಲ್ಲಿ ಯಾವುದರದ್ದೂ ಆಗಿರಲಿಲ್ಲ. ಒಗೆದು ಒಗೆದು ಬಣ್ಣ ಮಾಸಿದ ಆ ಅಂಗಿಯ ಬಗ್ಗೆ ನನ್ನ ಹನ್ನೊಂದು ವರ್ಷದ ಮಗಳು ಕೇಳಿದಾಗ ಅವರು, ಅದು ಬೇ ಏರಿಯಾ ಸೈಬರ್‌ರೇಸ್ ಎಂಬ ತಂಡದ್ದೆಂದೂ, 2001ರಲ್ಲಿ ಇದೇ ಊರಿನ ಸ್ಪಾರ್ಟನ್ ಸ್ಟೇಡಿಯಂನಲ್ಲಿ ಆ ತಂಡದ ಆಟ ನೋಡಲು ತಮ್ಮ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆನೆಂದೂ ಹೇಳಿದರು. ಇಡೀ ಋತುವಿಗೆ ಟಿಕೆಟ್ ಕೊಂಡಿದ್ದೀರಾ ಎಂದು ನಾನು ವಿಚಾರಿಸಿದೆ. ಇಲ್ಲ, ಸದ್ಯಕ್ಕೆ ಒಂದೊಂದೇ ಪಂದ್ಯಕ್ಕೆ ಕೊಳ್ಳುತ್ತೇನೆ ಎಂದರು. ಆ ಉತ್ತರದ ಹಿಂದೆ ಎಷ್ಟು ದೊಡ್ಡ ಕಥೆ ಇದೆಯೆಂಬುದು ನನಗೆ ತಿಳಿದದ್ದು ನಿಧಾನವಾಗಿ.

ಸೈಬರ್‌ರೇಸ್ ತಂಡವು ಅಮೆರಿಕದ ಮೊದಲ ವೃತ್ತಿಪರ ಮಹಿಳಾ ಲೀಗಿನ ಮೊದಲ ವರ್ಷವೇ, ಅಂದರೆ 2001ರಲ್ಲಿ, ಪ್ರಶಸ್ತಿ ಗೆದ್ದಿತ್ತು. 1999ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ತೊಂಬತ್ತು ಸಾವಿರ ಪ್ರೇಕ್ಷಕರ ಮುಂದೆ ನಿರ್ಣಾಯಕ ಪೆನಾಲ್ಟಿಯನ್ನು ಗೋಲಾಗಿಸಿದ ಬ್ರಾಂಡಿ ಚಾಸ್ಟೇನ್ ಆ ತಂಡದಲ್ಲಿದ್ದರು; ಆಕೆ ಸ್ಯಾನ್ ಹೋಸೆಯವರೇ. ಆದರೂ 2003ರ ಸೆಪ್ಟೆಂಬರ್‌ನಲ್ಲಿ, ಆ ವರ್ಷದ ವಿಶ್ವಕಪ್ ಶುರುವಾಗಲು ಕೆಲವೇ ದಿನಗಳಿರುವಾಗ, ಹಣ ಬತ್ತಿ ಲೀಗ್ ಮುಚ್ಚಿಹೋಯಿತು, ಅದರೊಡನೆ ತಂಡವೂ ಹೋಯಿತು. ಮುಂದೆ 2009ರಲ್ಲಿ ಇನ್ನೊಂದು ಲೀಗ್ ಹುಟ್ಟಿದಾಗ ಈ ಭಾಗದಲ್ಲಿ ಎಫ್‌ಸಿ ಗೋಲ್ಡ್ ಪ್ರೈಡ್ ಎಂಬ ತಂಡ ಬಂದಿತು. ಬ್ರೆಜಿಲ್‌ನ ಮಾರ್ಟಾ ಆಡುತ್ತಿದ್ದ ಆ ತಂಡ 2010ರ ಸೆಪ್ಟೆಂಬರ್ 26ರಂದು ಅಂತಿಮ ಪಂದ್ಯವನ್ನು ನಾಲ್ಕು ಗೋಲುಗಳಿಂದ ಗೆದ್ದು, ಅದೇ ನವೆಂಬರ್ 16ರಂದು ಬಾಗಿಲು ಹಾಕಿತು. ಕಪ್ ಎತ್ತಿ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಈ ಭಾಗದ ಹೆಣ್ಣುಮಕ್ಕಳಿಗೆ ಗೆಲ್ಲುವುದು ಎಂದೂ ಕಷ್ಟವಾಗಿರಲಿಲ್ಲ. ಗೆದ್ದ ಮೇಲೂ ಅವರಿಗೆ ಉಳಿಯಲು ನೆಲೆ ಇರಲಿಲ್ಲ. ಹೊಸ ತಂಡವಾದ ಬೇ ಎಫ್‌ಸಿಯ ಮೊದಲ ವರ್ಷವನ್ನು ನಾನು ನೋಡಿದ್ದು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಈ ಸಲ ತಂಡ ಕಟ್ಟಲು ಮುಂದೆ ಬಂದವರು ಸಾಂತಾ ಕ್ಲಾರಾ ವಿಶ್ವವಿದ್ಯಾಲಯಕ್ಕೆ ಆಡಿ ಬೆಳೆದು ಅಮೆರಿಕದ ರಾಷ್ಟ್ರೀಯ ತಂಡ ಸೇರಿದ್ದ ನಾಲ್ವರು ಮಹಿಳೆಯರು: ಚಾಸ್ಟೇನ್, ಆಲಿ ವ್ಯಾಗ್ನರ್, ಡೇನಿಯೆಲ್ ಸ್ಲೇಟನ್ ಮತ್ತು ಲೆಸ್ಲಿ ಓಸ್ಬೋರ್ನ್. ನಮ್ಮ ಕಡೆಯ ಓದುಗರಿಗೆ ಇಲ್ಲಿನ ಒಂದು ವ್ಯವಸ್ಥೆಯನ್ನು ವಿವರಿಸಬೇಕು. ಯುರೋಪಿನಲ್ಲಿ ಚಿಕ್ಕ ತಂಡವೊಂದು ಗೆಲ್ಲುತ್ತ ಗೆಲ್ಲುತ್ತ ಮೇಲಿನ ದರ್ಜೆಗೆ ಏರುವಂತೆ ಇಲ್ಲಿ ಏರಲಾಗುವುದಿಲ್ಲ. ಲೀಗಿನಲ್ಲಿ ಒಂದು ಸ್ಥಾನವನ್ನು ಹಣ ಕೊಟ್ಟೇ ಪಡೆಯಬೇಕು, ಪಡೆದ ಮೇಲೆ ಕೊನೆಯ ಸ್ಥಾನಕ್ಕೆ ಕುಸಿದರೂ ಕೆಳಗಿಳಿಯಬೇಕಾಗಿಲ್ಲ. 2013ರಿಂದ ನಡೆಯುತ್ತಿರುವ ಎನ್‌ಡಬ್ಲ್ಯೂಎಸ್‌ಎಲ್ ಎಂಬ ಮಹಿಳಾ ಲೀಗಿನಲ್ಲಿ ಬೇ ಎಫ್‌ಸಿಯ ಸ್ಥಾನಕ್ಕೆ ತೆತ್ತ ಬೆಲೆ 5.3 ಕೋಟಿ ಡಾಲರ್. ಸಿಕ್ಸ್ತ್ ಸ್ಟ್ರೀಟ್ ಎಂಬ ಹೂಡಿಕೆ ಸಂಸ್ಥೆ ಈ ಶುಲ್ಕವೂ ಸೇರಿ ಒಟ್ಟು 12.5 ಕೋಟಿ ಡಾಲರ್ ತೊಡಗಿಸುವುದಾಗಿ 2023ರಲ್ಲಿ ಪ್ರಕಟಿಸಿತು. ಆಟದ ಮಾತಿನ ನಡುವೆ ಲೆಕ್ಕಪತ್ರ ಏಕೆಂದು ಯಾರಾದರೂ ಕೇಳಬಹುದು. ಹಿಂದಿನ ಎರಡು ತಂಡಗಳು ಸೋತದ್ದು ಮೈದಾನದಲ್ಲಿ ಅಲ್ಲ, ಈ ಲೆಕ್ಕದಲ್ಲಿ. ಆದ್ದರಿಂದ ಇದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಲು ನನಗೆ ಮನಸ್ಸಾಗುವುದಿಲ್ಲ. ಗೋಲ್ಡ್ ಪ್ರೈಡ್‌ಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟಿದ್ದ ಆಲ್ಬರ್ಟಿನ್ ಮೊಂಟೋಯಾ ಅವರನ್ನೇ ತರಬೇತುದಾರರಾಗಿ ಕರೆತಂದದ್ದು ನನಗೆ ಬಹಳ ಹಿಡಿಸಿತು. ಅರ್ಧಕ್ಕೆ ನಿಂತ ಕೆಲಸವನ್ನು ಅದೇ ಕೈಗೆ ಮರಳಿ ಒಪ್ಪಿಸಿದಂತಿತ್ತು.

ಆಟಗಾರ್ತಿಯರು ದೂರ ದೂರದ ನಾಡುಗಳಿಂದ ಬಂದರು. ಜಾಂಬಿಯಾದ ರೇಚಲ್ ಕುಂದನಾಂಜಿ ಅವರನ್ನು 2024ರ ಫೆಬ್ರುವರಿಯಲ್ಲಿ ಸ್ಪೇನಿನ ತಂಡವೊಂದರಿಂದ ಕರೆತರಲು ಬೇ ಎಫ್‌ಸಿ 7.35 ಲಕ್ಷ ಯೂರೋ ಕೊಟ್ಟಿತು. ಅಲ್ಲಿಯವರೆಗೆ ಜಗತ್ತಿನ ಯಾವ ಫುಟ್ಬಾಲ್ ಆಟಗಾರ್ತಿಯ ವರ್ಗಾವಣೆಗೂ ಅಷ್ಟು ಹಣ ಸಂದಿರಲಿಲ್ಲ. ಗಂಡಸರ ಆಟವನ್ನೂ ಸೇರಿಸಿಕೊಂಡರೂ, ಆಫ್ರಿಕಾದವರೊಬ್ಬರು ಇಂಥ ವಿಶ್ವದಾಖಲೆ ಬರೆದದ್ದು ಅದೇ ಮೊದಲು. ಆರು ಬಾರಿ ಆಫ್ರಿಕಾದ ವರ್ಷದ ಆಟಗಾರ್ತಿಯೆನಿಸಿದ ನೈಜೀರಿಯಾದ ಅಸಿಸಾತ್ ಓಶೋಆಲಾ ಬಾರ್ಸಿಲೋನಾದಿಂದ ಬಂದರು, ವೆನಿಜುವೆಲಾದ ಡೇನಾ ಕಾಸ್ಟೆಲ್ಯಾನೋಸ್ ಮ್ಯಾಂಚೆಸ್ಟರ್ ಸಿಟಿಯಿಂದ. ಪರದೇಶದಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ಪಟ್ಟಿ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. ಕುಂದನಾಂಜಿ ಚೆಂಡನ್ನು ಮುಂದೆ ತಳ್ಳಿ, ಹಿಂದಿನಿಂದ ಹೊರಟರೂ ಎದುರಾಳಿಯನ್ನು ದಾಟಿ ಓಡುವುದನ್ನು ಮೊದಲ ಸಲ ಕಂಡಾಗ ಇಡೀ ವಿಭಾಗವೇ ಎದ್ದು ನಿಂತಿತು. ಆ ಓಟವನ್ನು ಟಿವಿಯಲ್ಲಿ ನೋಡಿದವರಿಗೆ ಅದರ ಅರ್ಧ ವೇಗವೂ ತಿಳಿಯಲಾರದು.

ಇಲ್ಲಿ ಇನ್ನೊಬ್ಬರ ಹೆಸರು ಹೇಳಬೇಕು, ಆಕೆ ಬೇ ಎಫ್‌ಸಿಯವರಲ್ಲದಿದ್ದರೂ. ಆ ವರ್ಷ ಸ್ಯಾನ್ ಡಿಯಾಗೋ ತಂಡಕ್ಕೆ ಆಡುತ್ತಿದ್ದ ರಕ್ಷಣಾ ಆಟಗಾರ್ತಿ ನವೋಮಿ ಗಿರ್ಮಾ ಸ್ಯಾನ್ ಹೋಸೆಯಲ್ಲಿ ಹುಟ್ಟಿದವರು, ಇಥಿಯೋಪಿಯಾದಿಂದ ವಲಸೆ ಬಂದ ದಂಪತಿಯ ಮಗಳು. ಆಕೆ ಚೆಂಡು ಒದೆಯಲು ಕಲಿತದ್ದು, ಇಥಿಯೋಪಿಯಾದ ಕುಟುಂಬಗಳನ್ನು ಒಂದೆಡೆ ಸೇರಿಸಲು ಆಕೆಯ ತಂದೆ ಆರಂಭಿಸಿದ್ದ ಮಲೆದಾ ಎಂಬ ಕೂಟದಲ್ಲಿ. 2025ರ ಜನವರಿಯಲ್ಲಿ ಹತ್ತು ಲಕ್ಷ ಡಾಲರ್ ದಾಟಿದ ಮೊತ್ತಕ್ಕೆ ಚೆಲ್ಸಿ ಸೇರಿ ಕುಂದನಾಂಜಿಯ ದಾಖಲೆಯನ್ನು ಮುರಿದವರು ಆಕೆಯೇ. ವಾರಾಂತ್ಯದಲ್ಲಿ ನಮ್ಮ ಭಾಷೆಯವರೆಲ್ಲ ಪಾರ್ಕಿನಲ್ಲಿ ಸೇರಿದಾಗ ಚೆಂಡಿನ ಹಿಂದೆ ಓಡುವ ಹುಡುಗಿಯರನ್ನು ನಾನೀಗ ಮೊದಲಿನ ಹಾಗೆ ನೋಡುವುದಿಲ್ಲ.

ಮಾರ್ಚ್ 17ರಂದು ಲಾಸ್ ಏಂಜಲೀಸ್‌ನಲ್ಲಿ ಏಂಜಲ್ ಸಿಟಿಯ ವಿರುದ್ಧ ಆಡಿದ ಮೊಟ್ಟಮೊದಲ ಪಂದ್ಯವನ್ನು ಬೇ ಎಫ್‌ಸಿ ಓಶೋಆಲಾ ಹೊಡೆದ ಒಂದೇ ಗೋಲಿನಿಂದ ಗೆದ್ದಿತು. ನಾನು ಆರಂಭದಲ್ಲಿ ಹೇಳಿದ ತವರಿನ ಮೊದಲ ಪಂದ್ಯವನ್ನು, ತುಂಬಿದ ಕ್ರೀಡಾಂಗಣದ ಮುಂದೆ, ಹ್ಯೂಸ್ಟನ್‌ಗೆ 3-2ರಿಂದ ಸೋತಿತು. ಇಡೀ ವರ್ಷ ಅದರ ಸ್ವಭಾವವೇ ಹೀಗಿತ್ತು: ಆಡಿದ 26 ಪಂದ್ಯಗಳಲ್ಲಿ 11 ಗೆಲುವು, 14 ಸೋಲು, ಒಂದೇ ಒಂದು ಡ್ರಾ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು ಅಂಕವಿರುವ ಲೀಗಿನಲ್ಲಿ, ಕೊನೆಯವರೆಗೂ ಮುನ್ನುಗ್ಗಿ ಆಡಿದ ತಂಡಕ್ಕೆ ಅದರಿಂದ ಲಾಭವೇ ಆಯಿತೆಂದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಲೀಗಿಗೆ ಬಿಡುವು ಬಂದಿತು. ಆ ಹೊತ್ತಿಗೆ 2019ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಆಬಿ ಡಾಲ್ಕೆಂಪರ್ ಸ್ಯಾನ್ ಡಿಯಾಗೋ ಬಿಟ್ಟು ಇಲ್ಲಿಗೆ ಬಂದರು, ಹಿಂಬದಿಯ ಆಟ ಗಟ್ಟಿಯಾಯಿತು. ಋತುವಿನ ಮೊದಲ ಭಾಗದಲ್ಲಿ ಗೋಲು ಬಿಟ್ಟುಕೊಟ್ಟಾಗಲೆಲ್ಲ ತಲೆ ತಗ್ಗಿಸುತ್ತಿದ್ದ ನನ್ನ ಮಗಳು, ಕೊನೆಯ ತಿಂಗಳುಗಳಲ್ಲಿ ಯಾರು ಎಲ್ಲಿ ನಿಲ್ಲಬೇಕಿತ್ತೆಂದು ನನಗೇ ವಿವರಿಸತೊಡಗಿದಳು.

ಬೇ ಎಫ್‌ಸಿ 34 ಅಂಕಗಳೊಂದಿಗೆ 14 ತಂಡಗಳಲ್ಲಿ ಏಳನೆಯದಾಗಿ, ಮೊದಲ ಎಂಟು ತಂಡಗಳಿಗೆ ಮೀಸಲಾದ ಪ್ಲೇಆಫ್ ಹಂತಕ್ಕೆ ತಲುಪಿತು. ನವೆಂಬರ್ 10ರಂದು ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಪಿರಿಟ್ ವಿರುದ್ಧ ಮೊದಲು ಗೋಲು ಹೊಡೆದದ್ದೂ ನಮ್ಮವರೇ. ಆಮೇಲೆ ಎದುರಾಳಿಗಳು ಸಮ ಮಾಡಿಕೊಂಡರು, ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದರು. ನಮ್ಮ ಮನೆಯಲ್ಲಿ ಟಿವಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗಳು, "ಅಮ್ಮ, ಮುಂದಿನ ವರ್ಷ ತಂಡ ಇರುತ್ತೆ ಅಲ್ವಾ?" ಎಂದು ಕೇಳಿದಳು. ಸೋಲಿಗಿಂತ ಆ ಪ್ರಶ್ನೆಯೇ ನನ್ನನ್ನು ಹೆಚ್ಚು ಕಲಕಿತು; ಇರುತ್ತದೆ ಎಂದು ಹೇಳುವಾಗ ಮಾರ್ಚ್‌ನಲ್ಲಿ ಕಂಡ ಆ ಹಳೆಯ ಅಂಗಿ ಕಣ್ಣ ಮುಂದೆ ಬಂತು.

ಆ ಮಹಿಳೆ ಋತುವಿನುದ್ದಕ್ಕೂ ಅದೇ ವಿಭಾಗದಲ್ಲಿ ಆಗಾಗ ಸಿಗುತ್ತಿದ್ದರು, ಪ್ರತಿ ಸಲವೂ ಒಂದೇ ಪಂದ್ಯದ ಟಿಕೆಟ್‌ನೊಂದಿಗೆ. ವಾಷಿಂಗ್ಟನ್‌ನ ಸೋಲಾಗಿ ಒಂದು ವಾರ ಕಳೆದ ಮೇಲೆ ಅವರಿಂದ ನನಗೆ ಸಂದೇಶ ಬಂತು. ನವೆಂಬರ್ 16 ದಾಟುವುದನ್ನೇ ಕಾಯುತ್ತಿದ್ದರಂತೆ. ದಾಟಿದ ಮರುದಿನ 2025ರ ಇಡೀ ಋತುವಿಗೆ ಎರಡು ಟಿಕೆಟ್ ಕೊಂಡರಂತೆ, ಒಂದು ತಮಗೆ, ಇನ್ನೊಂದು ಅಂದು ಸ್ಪಾರ್ಟನ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದ ಮಗಳಿಗೆ.